ಹೆಂಚಿನ ಶೆಡ್ಡಿನಲ್ಲಿ ವಿಮಾನ: ಕಟ್ಟುವುದು ಸರಿ, ಹಾರಿಸುವುದು ಎಲ್ಲಿ?

ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದವರು ಉಡುಪಿಯಲ್ಲಿ ನೆಲೆಸಿರುವ ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್.

ಪ್ರಶ್ನೆ: ಮೂವತ್ತು ವರ್ಷ ಕೊಲ್ಲಿ ದೇಶದಲ್ಲಿ ಉಕ್ಕಿನ ಫ್ಯಾಬ್ರಿಕೇಶನ್ ಕೆಲಸ ಮಾಡಿ ಊರಿಗೆ ಮರಳಿದ್ದೇನೆ. ಮನೆಯ ಹಿಂದೆ ಇಪ್ಪತ್ತೆಂಟು ಅಡಿ ಉದ್ದದ ಹೆಂಚಿನ ಶೆಡ್ಡು ಇದೆ. ತಂದೆಯವರ ಕಾಲದಲ್ಲಿ ಅಲ್ಲಿ ದೋಣಿ, ಬಲೆ ಇರುತ್ತಿದ್ದವು. ಎರಡು ಸೀಟಿನ ಅಲ್ಯೂಮಿನಿಯಂ ಕಿಟ್ ವಿಮಾನ ತರಿಸಿ ಅಲ್ಲೇ ಜೋಡಿಸುವ ಆಸೆ. ಸಮುದ್ರ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಶೆಡ್ಡು ಸಾಕೇ? ಉಪ್ಪು ಗಾಳಿ ತೊಂದರೆ ಕೊಡುತ್ತದೆಯೇ? ಎಷ್ಟು ಕಾಲ ಹಿಡಿಯಬಹುದು? ಹಾರಿಸಲು ಬಿಡುತ್ತಾರೆಯೇ? – ಕಾಪುವಿನ ಓದುಗರು

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಹೆಚ್ಚಿನವರು ಅದನ್ನು ಕೊನೆಗೆ ಕೇಳಿಯೇ ಕೆಡುತ್ತಾರೆ. ಯೂಟ್ಯೂಬಿನಲ್ಲಿ ನೀವು ನೋಡಿರಬಹುದಾದ ಶೇಕಡಾ 51ರ ನಿಯಮ ಅಮೆರಿಕದ್ದು. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಕ್ಕಾಗಿ ಅಥವಾ ಕಲಿಕೆಗಾಗಿ ನೀವೇ ಮಾಡಿದ್ದರೆ ಅಲ್ಲಿ ಅದಕ್ಕೆ ಪ್ರಾಯೋಗಿಕ ವಿಮಾನದ ಮಾನ್ಯತೆ ಸಿಗುತ್ತದೆ. ಆ ಕಾಗದ ಕಾಪುವಿನಲ್ಲಿ ನಡೆಯುವುದಿಲ್ಲ. ಇಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ಬೇಕು, ಹಾರಾಟದ ಅನುಮತಿ ಬೇಕು, ಹಾರಿಸುವವರ ಬಳಿ ಲೈಸೆನ್ಸ್ ಬೇಕು. ಮುಂಬೈಯ ಪೈಲಟ್ ಅಮೋಲ್ ಯಾದವ್ ಅವರು ಕಾಂದಿವಲಿಯ ಮನೆಯ ತಾರಸಿಯ ಮೇಲೆ ಕಟ್ಟಿದ ಆರು ಸೀಟಿನ ವಿಮಾನವನ್ನು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ್ದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ, ಹಾರಾಟದ ಅನುಮತಿ ಇನ್ನೂ ಆಮೇಲೆ. ಇಡೀ ದೇಶದ ಕಣ್ಣು ಬಿದ್ದಿದ್ದ ವಿಮಾನದ ಕತೆಯೇ ಇದು. ಆದ್ದರಿಂದ ಕಿಟ್‌ಗೆ ಮುಂಗಡ ಕೊಡುವ ಮೊದಲೇ, ಯಾವ ಮಾದರಿ, ಯಾವ ಎಂಜಿನ್, ಗರಿಷ್ಠ ತೂಕ ಎಷ್ಟು ಎಂದು ಬರೆದು ನಿರ್ದೇಶನಾಲಯಕ್ಕೆ ಕಳುಹಿಸಿ. ಅದು ಯಾವ ವರ್ಗಕ್ಕೆ ಸೇರುತ್ತದೆ, ಆಮದಿಗೆ ಏನೇನು ಬೇಕು ಎಂಬುದಕ್ಕೆ ಲಿಖಿತ ಉತ್ತರವನ್ನೇ ತರಿಸಿಕೊಳ್ಳಿ. ಫೋನಿನಲ್ಲಿ ಯಾರೋ ‘ಆಗುತ್ತದೆ ಸಾರ್’ ಎಂದದ್ದನ್ನು ನಂಬಿ ಹಣ ಕಳುಹಿಸಬೇಡಿ.

ಎಲ್ಲಿಂದ ಹಾರಿಸುವುದು ಎಂಬುದು ಇದಕ್ಕಿಂತ ದೊಡ್ಡ ತಲೆನೋವು. ಉಡುಪಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಮಂಗಳೂರಿನ ನಿಲ್ದಾಣವಿರುವ ಬಜ್ಪೆಯಲ್ಲಿರುವುದು ಗುಡ್ಡದ ತಲೆ ಸವರಿ ಮಾಡಿದ ರನ್‌ವೇ, ಅದರ ತುದಿಗಳಲ್ಲಿ ಕಣಿವೆ. ಪ್ರಯಾಣಿಕರ ವಿಮಾನಗಳು ಓಡಾಡುವ ಆ ಜಾಗದಲ್ಲಿ, ಮೊದಲ ಸಲ ನೆಲ ಬಿಡುವ ಮನೆಯ ವಿಮಾನಕ್ಕೆ ಅವಕಾಶ ಸಿಗುವುದು ಹಾಗಿರಲಿ, ಸಿಕ್ಕರೂ ನಾನು ಬೇಡ ಎನ್ನುತ್ತೇನೆ. ಮೊದಲ ಹಾರಾಟದಲ್ಲಿ ಎಂಜಿನ್ ನಿಂತರೆ ನೇರ ಮುಂದಕ್ಕೆ ಇಳಿಯಲು ಬಯಲು ಬೇಕು. ನಮ್ಮಲ್ಲಿ ಮುಂದೆ ಕಾಣುವುದು ತೆಂಗಿನ ತೋಟ, ಅದು ಮುಗಿದರೆ ಕಡಲು. ಬೀಚಿನ ಮರಳಿನ ಮೇಲಿಂದ ಎಬ್ಬಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಅನುಮತಿ ಸಿಕ್ಕ ಮೇಲೆ ರೆಕ್ಕೆ ಬಿಚ್ಚಿ, ಲಾರಿಯಲ್ಲಿ ಘಟ್ಟ ಹತ್ತಿಸಿ, ಬಯಲುಸೀಮೆಯ ಯಾವುದಾದರೂ ಏರೋಡ್ರೋಮಿಗೆ ಒಯ್ಯುವುದೊಂದೇ ದಾರಿ. ಆದಕಾರಣ ರೆಕ್ಕೆ ಸುಲಭವಾಗಿ ಬಿಚ್ಚಿಕೊಳ್ಳುವ ಮಾದರಿಯನ್ನೇ ಆರಿಸಿ. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-12 ಅಂಥದ್ದು.

ಇಷ್ಟು ಹೇಳಿದ ಮೇಲೂ ಆಸೆ ಉಳಿದಿದ್ದರೆ ಮುಂದೆ ಓದಿ. ಉಳಿದಿರುತ್ತದೆ ಎಂದು ನನಗೆ ಗೊತ್ತು.

ಶೆಡ್ಡು ಸಾಕು. ಎರಡು ಸೀಟಿನ ಬಹುತೇಕ ಕಿಟ್‌ಗಳ ಒಡಲು ಇಪ್ಪತ್ತರಿಂದ ಇಪ್ಪತ್ತೆರಡು ಅಡಿ. ಅಳೆಯಬೇಕಾದದ್ದು ಬಾಗಿಲನ್ನು, ಮತ್ತು ಬಾಗಿಲಿನಿಂದ ರಸ್ತೆಯವರೆಗಿನ ಓಣಿಯ ತಿರುವನ್ನು. ಹೆಂಚಿನ ಕೆಳಗೆ ಒಂದು ಪದರ ಶೀಟ್ ಹಾಕಿಸಿ. ಮಳೆ ಬಂದಾಗ ಹೆಂಚಿನ ಸಂದಿಯಿಂದ ಸಿಡಿಯುವ ತುಂತುರು ದೋಣಿಗೆ ನಡೆಯುತ್ತಿತ್ತು, ಇದಕ್ಕೆ ನಡೆಯುವುದಿಲ್ಲ.

ನಿಮ್ಮ ಮೂವತ್ತು ವರ್ಷದ ಅನುಭವ ವರವೂ ಹೌದು, ತೊಡಕೂ ಹೌದು. ಉಕ್ಕಿನ ಕೆಲಸದಲ್ಲಿ ಸಂಶಯ ಬಂದರೆ ಒಂದು ಪಟ್ಟಿ ಹೆಚ್ಚಿಗೆ ಬೆಸೆದು ನಿದ್ದೆ ಮಾಡಬಹುದು. ಇಲ್ಲಿ ಹೊದಿಕೆಯ ತಗಡು ಅರ್ಧ ಮಿಲಿಮೀಟರ್ ಆಸುಪಾಸು. ನೀವು ಸೇರಿಸಿದ ಪ್ರತಿ ಪಟ್ಟಿಯೂ ತೂಕ, ಅದರಲ್ಲೂ ಬಾಲದ ಕಡೆ ಸೇರಿಸಿದ್ದು ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಗುರುತ್ವ ಕೇಂದ್ರ ಮಿತಿ ಮೀರಿ ಹಿಂದಕ್ಕೆ ಹೋದ ವಿಮಾನ ಮೂಗೆತ್ತಿ ವೇಗ ಕಳೆದುಕೊಂಡರೆ ಚೇತರಿಸಿಕೊಳ್ಳದೆಯೇ ಹೋಗಬಹುದು. ಇನ್ನೊಂದು ಮಾತು: ಉಕ್ಕು ಉಜ್ಜಿದ ಗ್ರೈಂಡರ್ ಆ ಶೆಡ್ಡಿನೊಳಗೆ ಬರಲೇಬಾರದು. ಗಾಳಿಯಲ್ಲಿ ತೇಲಿದ ಉಕ್ಕಿನ ಪುಡಿ ಅಲ್ಯೂಮಿನಿಯಂ ಮೇಲೆ ಕೂತು ತೇವ ತಾಗಿದರೆ ಅಲ್ಲಲ್ಲೇ ಸಣ್ಣ ಬ್ಯಾಟರಿಯಂತಾಗಿ ತಗಡನ್ನು ತಿನ್ನುತ್ತದೆ. ಸ್ಟೀಲ್ ವೂಲ್ ಬೇಡ. ಪೆನ್ಸಿಲ್ ಕೂಡ ಬೇಡ, ಅದರ ಸೀಸದಲ್ಲಿರುವ ಇಂಗಾಲ ಮಾಡುವುದೂ ಅದೇ ಕೆಲಸ. ಗುರುತಿಗೆ ಸಣ್ಣ ಮೊನೆಯ ಮಾರ್ಕರ್ ಬಳಸಿ.

ಉಪ್ಪು ಗಾಳಿಯ ವಿಚಾರದಲ್ಲಿ ನಮ್ಮ ಕರಾವಳಿಗೆ ಅದರದೇ ಪಂಚಾಂಗವಿದೆ. ಚಳಿಗಾಲದ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಉಪ್ಪನ್ನು ಹೊತ್ತುಕೊಂಡು ಒಳಗೆ ಬರುತ್ತದೆ. ಆದ್ದರಿಂದ ಎಪಾಕ್ಸಿ ಪ್ರೈಮರ್ ಹೊಡೆಯುವುದು ದೀಪಾವಳಿ ಕಳೆದ ಮೇಲೆ, ಬೆಳಗ್ಗೆ ಹನ್ನೊಂದರೊಳಗೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯೊಳಗೆ, ಬಿಡಿ ಭಾಗಗಳಿಗೆಲ್ಲ ಪ್ರೈಮರ್ ಆಗಿರಲಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ವೈರಿಂಗ್ ನಕ್ಷೆ ಓದಿ, ಸೀಟು ಹೊಲಿಸಿ. ಕಿಟ್‌ನ ಪೆಟ್ಟಿಗೆ ಬಂದ ದಿನವೇ ಬಿಚ್ಚಿ. ಒಂದರ ಮೇಲೊಂದು ಒತ್ತಿಟ್ಟ ತಗಡುಗಳ ನಡುವೆ ತೇವ ಹೊಕ್ಕರೆ ಒಂದೇ ಮಳೆಗಾಲದಲ್ಲಿ ಕಪ್ಪು ಕಲೆ ಏಳುತ್ತದೆ. ತಗಡಿಗೆ ಅಂಟಿಸಿ ಕಳುಹಿಸುವ ನೀಲಿ ಪ್ಲಾಸ್ಟಿಕ್ ಹಾಳೆ ರಕ್ಷಣೆ ಎಂದು ಬಿಟ್ಟವರು ಆಮೇಲೆ ಉಗುರಿನಲ್ಲಿ ಕೆರೆಯುತ್ತಾ ಕೂರುತ್ತಾರೆ. ನಮ್ಮ ಸೆಕೆಗೆ ಅದು ಗಟ್ಟಿಯಾಗಿ ಹಿಡಿದುಕೊಂಡು ಅಡಿಯಲ್ಲೇ ತೇವವನ್ನೂ ಬಚ್ಚಿಡುತ್ತದೆ. ತಗಡು ಮುಟ್ಟುವಾಗ ಹತ್ತಿಯ ಗ್ಲೌಸ್ ಇರಲಿ, ಬೆವರೂ ಉಪ್ಪೇ.

ಕೆಲಸ ಎಂದರೆ ಏನು ಎಂಬುದನ್ನು ಒಂದು ರಿವೆಟ್‌ನಲ್ಲಿ, ಅಂದರೆ ತಗಡುಗಳನ್ನು ಕೂಡಿಸುವ ಮೊಳೆಯಂಥ ತುಂಡಿನಲ್ಲಿ, ತೋರಿಸುತ್ತೇನೆ. ರಂಧ್ರ ಕೊರೆದಾಗ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಚೂರು ಎದ್ದು ನಿಲ್ಲುತ್ತದೆ. ಅದನ್ನು ಕೈ ಉಪಕರಣದಿಂದ ಎರಡು ಸುತ್ತು ತಿರುಗಿಸಿ ತೆಗೆಯಬೇಕು. ನಾಲ್ಕು ಸುತ್ತು ತಿರುಗಿಸಿದರೆ ರಂಧ್ರದ ಅಂಚೇ ತೆಳುವಾಯಿತು. ಆಮೇಲೆ 3.2 ಮಿಲಿಮೀಟರ್ ದಪ್ಪದ ಗಟ್ಟಿ ರಿವೆಟ್ ಹಾಕಿ, ಹಿಂದೆ ಉಕ್ಕಿನ ತುಂಡೊಂದನ್ನು ಒತ್ತಿ ಹಿಡಿದು, ರಿವೆಟ್ ಗನ್‌ನಿಂದ ಬಡಿಯುತ್ತೀರಿ. ಹಿಂಭಾಗದಲ್ಲಿ ಮೂಡುವ ತಲೆ 4.8 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ಎತ್ತರ ಇರಬೇಕು. ಅದು ಪಕ್ಕಕ್ಕೆ ವಾಲಿದ್ದರೆ ಕೊರೆದು ತೆಗೆದು ಮತ್ತೆ ಹಾಕಬೇಕು. ನಾನು ಕಲಿಯುವ ಕಾಲದಲ್ಲಿ ಒಂದು ಬೆಳಗ್ಗೆ ನಲವತ್ತು ರಿವೆಟ್ ಹೊಡೆದು ಬೀಗುತ್ತಿದ್ದೆ. ಮೇಲ್ವಿಚಾರಕರು ಭೂತಗನ್ನಡಿ ಹಿಡಿದು ಬಂದು ಮಾತಿಲ್ಲದೆ ಹನ್ನೊಂದಕ್ಕೆ ಕೆಂಪು ಸುತ್ತು ಹಾಕಿ ಊಟಕ್ಕೆ ಹೋದರು. ಆ ಹನ್ನೊಂದನ್ನು ತೆಗೆಯಲು ನನಗೆ ಸಂಜೆಯಾಯಿತು. ರೆಕ್ಕೆಯ ಕೊನೆಯ ತಗಡು ಮುಚ್ಚಿದ ಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಪ್ರತಿ ಭಾಗವನ್ನು ಮುಚ್ಚುವ ಮೊದಲು ಫೋಟೊ ತೆಗೆಯಿರಿ, ತಿಳಿದ ಇನ್ನೊಬ್ಬರಿಗೆ ತೋರಿಸಿ, ದಿನಾಂಕ ಹಾಕಿ ಬರೆದಿಡಿ. ನಾಳೆ ತಪಾಸಣೆಗೆ ಬರುವ ಅಧಿಕಾರಿ ವಿಮಾನಕ್ಕಿಂತ ಮೊದಲು ಆ ಪುಸ್ತಕವನ್ನೇ ಕೇಳುತ್ತಾರೆ.

ಇಷ್ಟು ಸೂಕ್ಷ್ಮ ಬೇಡ ಎನ್ನುವವರಿಗೆ ಜೆನಿತ್ ಸಿಎಚ್ 750ರಂತಹ ಕಿಟ್‌ಗಳಿವೆ. ಅವುಗಳಲ್ಲಿ ಒಂದೇ ಕಡೆಯಿಂದ ಎಳೆದು ಕೂರಿಸುವ ರಿವೆಟ್, ಒಬ್ಬರೇ ಹಾಕಬಹುದು. ಮೊದಲ ವಿಮಾನಕ್ಕೆ ನಾನು ಹೇಳುವುದು ಇದನ್ನೇ.

ಕಾಲದ ಲೆಕ್ಕ: ಸರಳ ಕಿಟ್‌ಗೆ ಎಂಟುನೂರು ಗಂಟೆ ಹಿಡಿಯಿರಿ. ವಾರಕ್ಕೆ ಹತ್ತು ಗಂಟೆಯಂತೆ ಎಂಬತ್ತು ವಾರ. ಮದುವೆ, ನೇಮ, ಮಳೆ, ಬಾರದ ಭಾಗಕ್ಕೆ ಕಾಯುವುದು ಎಲ್ಲ ಸೇರಿದರೆ ಮೂರು ವರ್ಷ. ಹಣದ ಅಂದಾಜಿಗೆ ಒಂದು ಉದಾಹರಣೆ: ಕೇರಳ ಮೂಲದ ಎಂಜಿನಿಯರ್ ಒಬ್ಬರು ಲಾಕ್‌ಡೌನ್ ಕಾಲದಲ್ಲಿ ಇಂಗ್ಲೆಂಡಿನಲ್ಲಿ ದಕ್ಷಿಣ ಆಫ್ರಿಕಾದ ಸ್ಲಿಂಗ್ ಕಿಟ್‌ನಿಂದ ನಾಲ್ಕು ಸೀಟಿನ ವಿಮಾನ ಜೋಡಿಸಿ 2022ರಲ್ಲಿ ಹಾರಿಸಿದರು. ತಗಲಿದ್ದು ಸುಮಾರು 18 ತಿಂಗಳು, ವೆಚ್ಚ ಸುಮಾರು 1.8 ಕೋಟಿ ರೂಪಾಯಿ. ಎರಡು ಸೀಟಿನದು ಅದಕ್ಕಿಂತ ಅಗ್ಗ, ಆದರೆ ಕಾರಿನ ಬೆಲೆಯಲ್ಲಿ ಆಗುವ ಮಾತಲ್ಲ. ಇಡೀ ಕಿಟ್ ಒಟ್ಟಿಗೆ ತರಿಸಬೇಡಿ. ಬಾಲದ ಭಾಗವನ್ನಷ್ಟೇ ಮೊದಲು ತರಿಸಿ. ಅದು ಮುಗಿಯುವಷ್ಟರಲ್ಲಿ ನಿಮಗೆ ಬೇಕಿದ್ದದ್ದು ಕಟ್ಟುವ ಸುಖವೋ, ಹಾರುವ ಸುಖವೋ ತಿಳಿಯುತ್ತದೆ. ಹಾರುವುದೇ ಆಗಿದ್ದರೆ ಅದೇ ಹಣದಲ್ಲಿ ಲೈಸೆನ್ಸ್ ಪಡೆದು ಬಾಡಿಗೆ ವಿಮಾನದಲ್ಲಿ ಎಷ್ಟೋ ವರ್ಷ ಹಾರಬಹುದು.

ಪ್ರಶ್ನೆ: ಮಲ್ಪೆಯಲ್ಲಿ ಫೈಬರ್ ದೋಣಿಗಳ ವರ್ಕ್‌ಶಾಪ್ ನಡೆಸುತ್ತೇವೆ. ಸಣ್ಣ ವಿಮಾನದ ರೆಕ್ಕೆಯನ್ನು ನಮ್ಮ ಹುಡುಗರೇ ಮಾಡಬಹುದಲ್ಲವೇ? – ಮಲ್ಪೆಯ ಓದುಗರು

ಉತ್ತರ: ಕೈ ಪಳಗಿದೆ, ಆದರೆ ಸಾಮಗ್ರಿ ಬೇರೆ. ದೋಣಿಗೆ ನೀವು ಬಳಸುವುದು ಪಾಲಿಯೆಸ್ಟರ್ ರೆಸಿನ್. ಒಂದು ಥರ್ಮೋಕೋಲ್ ತುಂಡಿನ ಮೇಲೆ ಅದನ್ನು ಸ್ವಲ್ಪ ಸುರಿದು ನೋಡಿ: ಬಿಸಿ ನೀರು ಬಿದ್ದ ಬೆಲ್ಲದ ಹಾಗೆ ಕುಸಿಯುತ್ತದೆ. ಅದರಲ್ಲಿರುವ ಸ್ಟೈರೀನ್ ಮಾಡುವ ಕೆಲಸ ಅದು. ಹಲವು ಫೈಬರ್ ವಿಮಾನಗಳ ರೆಕ್ಕೆಯೊಳಗಿನ ತಿರುಳು ಥರ್ಮೋಕೋಲ್ ಜಾತಿಯದೇ ಆದ ಪಾಲಿಸ್ಟೈರೀನ್ ಫೋಮ್, ಆದ್ದರಿಂದ ಅಲ್ಲಿ ಎಪಾಕ್ಸಿ ರೆಸಿನ್ನೇ ಬೇಕು. ಎಪಾಕ್ಸಿಗೆ ನಮ್ಮ ತೇವ ಆಗದು. ಗಟ್ಟಿಯಾಗುವಾಗ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ಅದನ್ನು ತೊಳೆಯದೆ ಮುಂದಿನ ಪದರ ಹಾಕಿದರೆ ಎರಡೂ ಕೂಡುವುದಿಲ್ಲ. ತೂಕದ ಅಭ್ಯಾಸವೂ ಬದಲಾಗಬೇಕು. ದೋಣಿಯಲ್ಲಿ ರೆಸಿನ್ ಧಾರಾಳವಾದರೆ ಯಾರೂ ದೂರುವುದಿಲ್ಲ, ರೆಕ್ಕೆಯಲ್ಲಿ ಹೆಚ್ಚಾದ ರೆಸಿನ್ ಬಲ ಕೊಡದ ಭಾರ. ಎಲ್ಲ ಮುಗಿದ ಮೇಲೆ ಬಣ್ಣ ಬಿಳಿಯದೇ ಇರಲಿ, ಗಾಢ ಬಣ್ಣ ಬಿಸಿಲಿಗೆ ಕಾದು ಎಪಾಕ್ಸಿ ಮೆತ್ತಗಾಗುತ್ತದೆ. ವಿನ್ಯಾಸ ಮಾತ್ರ ನಿಮ್ಮದು ಬೇಡ, ಬಲ್ಲವರು ಲೆಕ್ಕ ಹಾಕಿ ಭಾರ ಹೇರಿ ಪರೀಕ್ಷಿಸಿದ್ದೇ ಆಗಿರಲಿ.

ಪ್ರಶ್ನೆ: ಸಣ್ಣ ವಿಮಾನಗಳ ರೋಟ್ಯಾಕ್ಸ್ ಎಂಜಿನ್‌ಗೆ ಬಂಕ್ ಪೆಟ್ರೋಲ್ ಆಗುತ್ತದೆ ಎಂದು ಕೇಳಿದ್ದೇನೆ. ನಿಜವೇ? – ಸುರತ್ಕಲ್‌ನ ಓದುಗರು

ಉತ್ತರ: ನಿಜವಾಗಿತ್ತು ಎನ್ನಬೇಕು. ನೂರು ಅಶ್ವಶಕ್ತಿಯ ರೋಟ್ಯಾಕ್ಸ್ 912 ಎಂಜಿನ್‌ಗೆ ಕಂಪನಿ ಒಪ್ಪುವುದು ಶೇಕಡಾ 10ರವರೆಗಿನ ಎಥೆನಾಲ್. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇಕಡಾ 20ರವರೆಗೆ ಎಥೆನಾಲ್ ಬೆರೆತದ್ದು. ನೂರು ಮಿಲಿಲೀಟರ್‌ನ ಗಾಜಿನ ಅಳತೆ ಕೊಳವೆಯಲ್ಲಿ ಹತ್ತರ ಗೆರೆಯವರೆಗೆ ನೀರು, ಮೇಲೆ ನೂರರವರೆಗೆ ಪೆಟ್ರೋಲ್ ಹಾಕಿ ಕುಲುಕಿ ಇಡಿ. ಎಥೆನಾಲ್ ಇಲ್ಲದಿದ್ದರೆ ನೀರು ಹತ್ತರಲ್ಲೇ ನಿಲ್ಲುತ್ತದೆ. ಇ20 ಆದರೆ ಎಥೆನಾಲ್ ನೀರಿನೊಳಗೆ ಇಳಿದು, ಆ ಗೆರೆ ಇಪ್ಪತ್ತೈದರ ಆಸುಪಾಸಿಗೆ ಏರುತ್ತದೆ. ಇದೇ ಆಟ ಟ್ಯಾಂಕಿನಲ್ಲೂ ನಡೆಯುತ್ತದೆ: ತೇವದ ಗಾಳಿಯಿಂದ ನೀರು ಹೀರಿಕೊಂಡ ಎಥೆನಾಲ್ ಒಂದು ಹಂತದಲ್ಲಿ ಬೇರ್ಪಟ್ಟು ತಳ ಸೇರುತ್ತದೆ, ಎಂಜಿನ್‌ಗೆ ಕೊಳವೆ ಹೋಗುವುದು ತಳದಿಂದಲೇ. ವಿಮಾನಗಳಿಗೆಂದೇ ಇರುವ ಪೆಟ್ರೋಲ್ ಏವ್‌ಗ್ಯಾಸ್ 100 ಎಲ್ಎಲ್ ಬಳಸಬಹುದು. ಇಂಡಿಯನ್ ಆಯಿಲ್ 2022ರಿಂದ ಅದನ್ನು ದೇಶದಲ್ಲೇ ತಯಾರಿಸುತ್ತಿದೆ. ಅದರಲ್ಲಿ ಸೀಸ ಇರುವುದರಿಂದ ಎಂಜಿನ್ ಆಯಿಲ್ ಬೇಗ ಬೇಗ ಬದಲಿಸಬೇಕು, ಅಷ್ಟೇ.

ಕೇಳದಿದ್ದರೂ ಒಂದು ಮಾತು: ವೇಗ ಅಳೆಯುವ ಪಿಟೋ ಕೊಳವೆಗೆ ಮೊದಲ ದಿನದಿಂದಲೇ ಮುಚ್ಚಳ ಹಾಕಿಡಿ. ನಮ್ಮ ಕುಂಬಾರ ಹುಳಕ್ಕೆ ಗೂಡು ಕಟ್ಟಲು ಅದಕ್ಕಿಂತ ಪ್ರಶಸ್ತ ತೂತು ಬೇರೆ ಇಲ್ಲ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಕೋಚಿಂಗ್ ಬಿಟ್ಟು ವಿಮಾನ ಕಟ್ಟುತ್ತೇನೆ ಎಂದು ಹಟ ಹಿಡಿದಿದ್ದಾನೆ. – ಕುಂದಾಪುರದ ತಾಯಿ

ಉತ್ತರ: ಕೋಚಿಂಗ್ ಬಿಡಿಸಬೇಡಿ, ಹಟವನ್ನೂ ಬಿಡಿಸಬೇಡಿ. ಮಣಿಪಾಲದ ಎಂಐಟಿಯಲ್ಲಿ ಏರೋನಾಟಿಕಲ್ ವಿಭಾಗವಿದೆ ಎಂದು ಹೇಳಿ, ಓದಿಗೆ ಅದೇ ಕಾರಣವಾಗಲಿ. ಹದಿನೇಳು ತುಂಬಿದವರು ಖಾಸಗಿ ಪೈಲಟ್ ಲೈಸೆನ್ಸ್‌ಗೆ ಅರ್ಹರು. ಅದಕ್ಕೆ ನಲವತ್ತು ಗಂಟೆಯ ಹಾರಾಟ ಬೇಕು, ಆ ಖರ್ಚು ಈಗಲೇ ಬೇಡ. ಸದ್ಯಕ್ಕೆ ಅವನ ಕೈಗೆ ಅಲ್ಯೂಮಿನಿಯಂ ತಗಡಿನ ಎರಡು ತುಂಡು, ಒಂದು ಹಿಡಿ ರಿವೆಟ್, ಒಂದು ಕೈ ರಿವೆಟರ್ ಕೊಡಿ. ರವಿವಾರ ಮಧ್ಯಾಹ್ನ ಒಂದೇ ಗೆರೆಯಲ್ಲಿ, ಒಂದೇ ಅಂತರದಲ್ಲಿ ಇಪ್ಪತ್ತು ರಿವೆಟ್ ಹಾಕಿ ನನಗೆ ಫೋಟೊ ಕಳುಹಿಸಲಿ. ಕೆಂಪು ಮಾರ್ಕರ್ ನನ್ನ ಬಳಿ ಇದೆ.