ಆಲ್ಕೋಹಾಲ್‌ನಲ್ಲಿ ಉಳಿದ ಕೊನೆಯ ನೀರು ಭಟ್ಟಿಗೆ ಯಾಕೆ ಬಗ್ಗುವುದಿಲ್ಲ?

ಆಲ್ಕೋಹಾಲ್ ತೂಕದಲ್ಲಿ ಸುಮಾರು 95.6% ಮುಟ್ಟಿದಾಗ, ದ್ರವದಲ್ಲಿ ಎಷ್ಟು ಪಾಲು ನೀರಿದೆಯೋ ಏಳುವ ಆವಿಯಲ್ಲೂ ಅಷ್ಟೇ ಪಾಲು ಇರುತ್ತದೆ. ಆವಿಯನ್ನು ತಣಿಸಿದರೆ ಮತ್ತೆ ಅದೇ ಮಿಶ್ರಣ. ಎಷ್ಟು ಸಲ ಭಟ್ಟಿ ಇಳಿಸಿದರೂ ಸುಮ್ನೆ ಇಂಧನ ಖರ್ಚು.

ಆಲ್ಕೋಹಾಲ್ 78.4 ಡಿಗ್ರಿಗೆ, ನೀರು 100 ಡಿಗ್ರಿಗೆ ಕುದಿಯುತ್ತದೆ, ಅಂದಮೇಲೆ ಬೇರೆಯಾಗಬೇಕಲ್ವಾ? ನೀರಿನ ಕಣಗಳು ತಮ್ಮತಮ್ಮಲ್ಲಿ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆದರೆ ಸುತ್ತ ಬರೀ ಆಲ್ಕೋಹಾಲ್ ಇದ್ದಾಗ ಆ ಹಿಡಿತ ಸಡಿಲ. ಹಾಗಾಗಿ ಅಳಿದುಳಿದ ನೀರು ಆಲ್ಕೋಹಾಲ್‌ನಷ್ಟೇ ಸಲೀಸಾಗಿ ಆವಿಯಾಗುತ್ತದೆ. ಈ ಮಿಶ್ರಣ ಕುದಿಯುವುದು 78.2 ಡಿಗ್ರಿಗೆ, ಎರಡಕ್ಕಿಂತಲೂ ಕಡಿಮೆ! ಇಂಥ ಜೋಡಿಗೆ ಅಜಿಯೋಟ್ರೋಪ್ ಎನ್ನುತ್ತಾರೆ.

ಸಿರುಗುಪ್ಪ ಕಡೆ ಬೆಳೆಯುವ ಕಬ್ಬಿನ ಕಾಕಂಬಿಯಿಂದ ತೆಗೆದರೂ ಇದೇ ಕಥೆ. ಪೆಟ್ರೋಲಿಗೆ ಬೆರೆಸಲು ನೀರು ಇರಲೇಬಾರದು. ಅದಕ್ಕೆ ಈಗ ಆವಿಯನ್ನು ಜಿಯೋಲೈಟ್ ಎಂಬ ಖನಿಜದ ಸಣ್ಣ ಗುಂಡುಗಳ ಮೂಲಕ ಹಾಯಿಸುತ್ತಾರೆ. ಗಂಗಾವತಿಯ ರೈಸ್‌ಮಿಲ್‌ನಲ್ಲಿ ಜರಡಿ ನುಚ್ಚು ಬೇರೆ ಮಾಡುವುದನ್ನು ನೋಡಿದ್ದೀರಾ? ಇದೂ ಗಾತ್ರದ ಆಟವೇ. ಗುಂಡಿನ ತೂತು ಸುಮಾರು 3 ಆಂಗ್‌ಸ್ಟ್ರಾಮ್, ಅಂದರೆ ಒಂದು ಮಿಲಿಮೀಟರಿನ ಕೋಟಿ ಭಾಗದಲ್ಲಿ ಮೂರು. ಪುಟ್ಟ ನೀರಿನ ಕಣ ಒಳಗೆ ಸಿಕ್ಕಿಕೊಳ್ಳುತ್ತದೆ, ದೊಡ್ಡ ಆಲ್ಕೋಹಾಲ್ ಕಣ ಹೊರಗಿಂದಲೇ ಮುಂದೆ ಹೋಗುತ್ತದೆ. ಮೊದಲೆಲ್ಲ ಬೆಂಜೀನ್ ಸೇರಿಸಿ ನೀರು ತೆಗೆಯುತ್ತಿದ್ದರು. ಅದು ಕ್ಯಾನ್ಸರ್ ತರುವ ವಸ್ತು, ಹಾಗಾಗಿ ಜಿಯೋಲೈಟೇ ವಾಸಿ.