ಕುದುರೆ ಸವಾರರು ಬಯಲಲ್ಲಿ ಸುಮ್ನೆ ನಿಂತಿದ್ದಾರೆ, ಅದರಲ್ಲಿ ನೋಡುವುದೇನಿದೆ?

19ನೇ ಶತಮಾನದ ಜರ್ಮನ್ ಚಿತ್ರಗಳಲ್ಲಿ ದೊಡ್ಡ ಮನೆತನದ ಸವಾರರು, ಬೇಟೆಗಾರರು ಬಯಲಲ್ಲಿ ಸುಮ್ನೆ ನಿಂತಿರುತ್ತಾರೆ, ಏನೂ ನಡೆಯುವುದೇ ಇಲ್ಲ, ಇದರಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ವಿಲ್ಹೆಲ್ಮ್ ಫಾನ್ ಕೋಬೆಲ್‌ನ ಚಿತ್ರಗಳನ್ನು ನೋಡಿ. ನನಗೆ ಈತ ಅಂದ್ರೆ ಬಹಳ ಇಷ್ಟ.

1766ರಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಹುಟ್ಟಿದವನು. ಅಪ್ಪ ಫರ್ಡಿನಾಂಡ್ ಕೂಡ ಚಿತ್ರಕಾರ. ಬವೇರಿಯಾ ರಾಜ್ಯದ ರಾಜಧಾನಿ ಮ್ಯೂನಿಕ್‌ಗೆ ಬಂದು ಆಸ್ಥಾನ ಚಿತ್ರಕಾರನಾದ. ನೆಪೋಲಿಯನ್ ಕಾಲದಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್‌ಗಾಗಿ ವರ್ಷಗಟ್ಟಲೆ ಕದನದ ಚಿತ್ರಗಳನ್ನು ಬರೆದ, ಹಾಗಾಗಿ ಕುದುರೆಯ ಮೈಕಟ್ಟು, ಬಯಲಿನ ಹರವು ಎರಡೂ ಅವನ ಕೈಗೆ ಕೂತುಬಿಟ್ಟಿದ್ದವು. ಯುದ್ಧಗಳು ಮುಗಿದ ಮೇಲೂ ಅದೇ ಬಯಲು, ಅದೇ ಕುದುರೆ. ಮದ್ದಿನ ಹೊಗೆ ಮಾತ್ರ ಇಲ್ಲ. ಯಾರೂ ಓಡುತ್ತಿಲ್ಲ, ಯಾರೂ ಬೀಳುತ್ತಿಲ್ಲ. ನೀವು ಬೇಸರದಿಂದ ಹೇಳಿದ ಆ 'ಏನೂ ನಡೆಯದಿರುವುದು' ನನಗೆ ದೊಡ್ಡ ನೆಮ್ಮದಿಯಾಗಿ ಕಾಣುವುದು ಇದಕ್ಕೇ.

ಈಗ ನೆಲ, ಆಕಾಶ ಕೂಡುವ ಗೆರೆ ಎಲ್ಲಿದೆ ನೋಡಿ. ತುಂಬಾ ಕೆಳಗಿರುತ್ತದೆ. ಮುಕ್ಕಾಲು ಪಾಲು ಆಕಾಶವೇ, ಹಾಗಾಗಿ ಸವಾರನ ಮೈಯೆಲ್ಲ ಬರೀ ಬೆಳಕಿನ ಎದುರು ಎದ್ದು ಕಾಣುತ್ತದೆ, ಆಲ್ಪ್ಸ್‌ನಂಥ ಆಲ್ಪ್ಸ್ ಕೂಡ ದೂರದಲ್ಲಿ ತೆಳು ನೀಲಿಯಾಗಿ ಅವನ ಮೊಣಕಾಲಿನ ಮಟ್ಟಕ್ಕೆ ಇಳಿದಿರುತ್ತದೆ. ಆಮೇಲೆ ನೆರಳು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಕುದುರೆಯ ಒಂದೊಂದು ಕಾಲಿನ ನೆರಳೂ ಹುಲ್ಲಿನ ಮೇಲೆ ಉದ್ದಕ್ಕೆ, ಕತ್ತರಿಸಿಟ್ಟ ಹಾಗೆ ಬಿದ್ದಿರುತ್ತದೆ. ಪಕ್ಕದಲ್ಲಿ ದನ ಕಾಯುವ ಹುಡುಗಿ ನಿಂತಿದ್ದರೆ ಅವಳ ನೆರಳನ್ನೂ ಅಷ್ಟೇ ಚೊಕ್ಕವಾಗಿ ಬರೆದಿರುತ್ತಾನೆ. ಇಂಥವನ್ನು ಕಲಾ ಇತಿಹಾಸದವರು 'ಭೇಟಿಯ ಚಿತ್ರಗಳು' ಅನ್ನುತ್ತಾರೆ. ಊರಿನವರು, ಪ್ರಭುಗಳು ಎದುರಾಗಿದ್ದಾರೆ, ಆದರೆ ಮಾತಾಡುತ್ತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಹಾಗಂತ ಇಲ್ಲಿ ಎಲ್ಲರೂ ಸಮಾನರು ಅಂದುಕೊಳ್ಳಬೇಡಿ. ಒಬ್ಬ ಕುದುರೆ ಮೇಲೆ, ಇನ್ನೊಬ್ಬಳು ನೆಲದ ಮೇಲೆ, ಅಲ್ವಾ? ಜರ್ಮನಿಯಲ್ಲಿ 1848ರ ಕ್ರಾಂತಿಯ ತನಕ ಪ್ರಭುಗಳಿಗೆ ಬೇರೆಯವರ ಹೊಲದಲ್ಲೂ ಬೇಟೆಯಾಡುವ ಹಕ್ಕಿತ್ತು, ಬೆಳೆ ಹಾಳಾದರೆ ರೈತನ ಪಾಡು ರೈತನಿಗೆ. ಆ ಜಗಳದ ಸುಳಿವನ್ನೂ ಕೋಬೆಲ್ ಕೊಡುವುದಿಲ್ಲ. ಅದು ಅವನ ಮಿತಿ ಅಂತಲೇ ನನ್ನ ಅಭಿಪ್ರಾಯ, ಆದರೂ ಆ ಬೆಳಕು ನನ್ನನ್ನು ಬಿಡುವುದಿಲ್ಲ.

1833ರ 'ಬೋಡೆನ್ಸೀ ಸರೋವರದ ಬಳಿ, ಬೇಟೆಯ ನಂತರ' ಚಿತ್ರದಿಂದ ಶುರು ಮಾಡಿ. ಅದು ಮ್ಯೂನಿಕ್‌ನ ನೋಯೆ ಪಿನಾಕೊಥೆಕ್‌ ಅನ್ನುವ ಕಲಾ ಸಂಗ್ರಹಾಲಯದ್ದು. ಫೋನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ಹಾಕಿಕೊಂಡು ಮೊದಲು ನೆರಳುಗಳನ್ನು ನೋಡಿ, ಮುಖಗಳನ್ನು ಆಮೇಲೆ ನೋಡಿದರಾಯಿತು.