ಜೋರಾಗಿ ವರ್ಕೌಟ್ ಮಾಡುವವರು ಸ್ಟ್ರೆಚಿಂಗ್ ಯಾವಾಗ ಮಾಡಬೇಕು, ವಿಶ್ರಾಂತಿ ಎಷ್ಟು ಬೇಕು?

ಎಳೆದು ಹಿಡಿಯುವ ಸ್ಟ್ರೆಚಿಂಗ್ ಕೊನೆಗೆ ಇಟ್ಟುಕೊಳ್ಳಿ. ಜೋರಾಗಿ ದುಡಿಸಿದ ಸ್ನಾಯುವಿಗೆ ಮತ್ತೆ ಭಾರ ಕೊಡುವ ಮುಂಚೆ ಸುಮಾರು 48 ಗಂಟೆ ಬಿಡಿ.

ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ಬೆಳೆಯಲು ಸೂಚನೆ ಸಿಗುತ್ತದೆ ಅಷ್ಟೇ. ಹೊಸ ಪ್ರೋಟೀನ್ ಕಟ್ಟುವ ಕೆಲಸ ಆಮೇಲಿನ 24ರಿಂದ 48 ಗಂಟೆ ಚುರುಕಾಗಿ ನಡೆಯುತ್ತದೆ. ಸೋಮವಾರ ಎದೆ, ಮಂಗಳವಾರ ಮತ್ತೆ ಎದೆ ಅಂದರೆ ಆ ಕೆಲಸಕ್ಕೆ ಅಡ್ಡಿ ಮಾಡಿದಂತೆ, ಅಲ್ವಾ? ಸೋಮವಾರ, ಗುರುವಾರ ದೇಹದ ಮೇಲ್ಭಾಗ. ಮಂಗಳವಾರ, ಶುಕ್ರವಾರ ಕಾಲು. ಬುಧವಾರ ಲಾಲ್‌ಬಾಗ್‌ನಲ್ಲಿ ಸುಮ್ನೆ ಒಂದು ಸುತ್ತು ನಡೆದು ಬನ್ನಿ, ಸಾಕು. ರಾತ್ರಿ ಕನಿಷ್ಠ 7 ಗಂಟೆ ನಿದ್ದೆ.

ಶುರುವಿನಲ್ಲೇ ಒಂದು ಸ್ನಾಯುವನ್ನು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲ ಕಮ್ಮಿಯಾಗುತ್ತದೆ. ಬದಲಿಗೆ ಕೈಕಾಲು ಬೀಸಿ, ಬಸ್ಕಿ ಹೊಡೆದು, ಹಗುರ ಭಾರದ ಒಂದೆರಡು ಸೆಟ್ ಮಾಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಬಂದು ನೇರ ಜಿಮ್‌ಗೆ ನುಗ್ಗುವವರು ಇದನ್ನು ಬಿಡಲೇಬಾರದು.

ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ಭಾರದ ಸೆಟ್‌ಗಳ ನಡುವೆ 2-3 ನಿಮಿಷ ಸುಧಾರಿಸಿಕೊಳ್ಳಿ. ಕಾಯುತ್ತಿರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಅಂದ ಹಾಗೆ, ಕೊನೆಯ ಸ್ಟ್ರೆಚಿಂಗ್‌ನಿಂದ ಮರುದಿನದ ಮೈಕೈ ನೋವು ಅಷ್ಟೇನೂ ಇಳಿಯುವುದಿಲ್ಲ. ಕೀಲುಗಳು ಸಲೀಸಾಗಿ ಆಡಲಿ ಅಂತ ಮಾಡಿ.